ಮೊಣಕಾಲ ಬದಲಿ ಆಪರೇಶನ್ ಆದ್ಮ್ಯಾಲ ರೇಖಿ, ಪ್ರಾಣಿಕ್ ಹೀಲಿಂಗ್: ಏನದು, ಎಷ್ಟರ ಮಟ್ಟಿಗೆ ನಂಬಬೇಕು

ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಮೊಣಕಾಲ ಬದಲಿ ಆಪರೇಶನ್ ಅಂದ್ರ ಈಗ ಹೊಸಾದೇನಲ್ಲ, ಮೊದಲ ಮಿರಜ, ಸೊಲ್ಲಾಪುರ, ಪುಣೆ ಅಂತ ಓಡ್ಯಾಡ್ತಿದ್ದ ಮಂದಿ ಈಗ ಇಲ್ಲೇ ಮಾಡಿಸ್ಕೊಂಡು ಕೆಲವೇ ದಿನದಾಗ ವಾಕರ್ ಹಿಡಕೊಂಡು ಮನಿಗೆ ಬರ್ತಾರ. ಬಂದ ಕೂಡ್ಲೆ ಮಾತಾಡ್ಸಾಕ ಬರೋರ ಸಾಲು ಶುರು ಆಗ್ತದ, ಎಲ್ಲಾರ ಕೈಯಾಗೂ ಬಾಳಿಹಣ್ಣು, ಎಲ್ಲಾರ ಬಾಯಾಗೂ ಒಂದೊಂದು ಸಲಹಾ. ಎಣ್ಣಿ ತಿಕ್ಕರಿ ಅನ್ನೋರು, ಉಪ್ಪಿನ ಗಂಟು ಕಾಸಿ ಶಾಖ ಕೊಡ್ರಿ ಅನ್ನೋರು ಮೊದಲಿಂದನೂ ಇದ್ರು. ಈಗೀಗ ಅದಕ್ಕ ಇನ್ನೊಂದು ಸೇರ್ಯಾದ, "ರೇಖಿ ಮಾಡಿಸ್ರಿ, ಮೈ ಮುಟ್ಟದನ ನೋವು ತಗೀತಾರ", "ಪ್ರಾಣಿಕ್ ಹೀಲಿಂಗ್ ಮಾಡಿಸಿದ್ರ ಅರ್ಧಾ ದಿನದಾಗ ಎದ್ದು ಅಡ್ಡಾಡಬಹುದು" ಅಂತ, ವಾಟ್ಸಾಪ್ ಗ್ರೂಪ್‌ನ್ಯಾಗ ಪ್ಯಾಕೇಜ್ ರೇಟ್ ಸಮೇತ ಬರಾಕ ಹತ್ಯಾವು.

ಮನಿಯವರಿಗೆ ಗೊಂದಲ. ಮಾಡಿಸಿದ್ರ ಏನರ ಕೆಡ್ತದೇನು, ಮಾಡಿಸದಿದ್ರ ಅವ್ವಗ ಬರೋ ಆರಾಮ ತಪ್ಪಿಸ್ದಂಗ ಆಗ್ತದೇನು, ಡಾಕ್ಟರ್‌ಗೆ ಕೇಳಿದ್ರ ನಗ್ತಾರೇನೋ. ಹಂಗಾಗಿ ಬುಡದಿಂದನ ನೋಡೋಣ.

ಆಪರೇಶನ್ ಒಳಗ ಏನ್ ಮಾಡಿರ್ತಾರ

ಮೊಣಕಾಲಾಗ ತೊಡಿ ಎಲುಬಿನ ತುದಿ ಮತ್ತ ಕೆಳಗಿನ ಕಾಲಿನ ಎಲುಬಿನ ತಲಿ ಒಂದರ ಮ್ಯಾಲ ಒಂದು ಜಾರ್ತಾವು, ನಡುವ ನುಣುಪಾದ ಮೃದು ಎಲುಬಿನ ಪದರ ಇರ್ತದ. ವಯಸ್ಸಾದಂಗ, ಮೈ ತೂಕ ಹೆಚ್ಚಾದಂಗ, ಇಲ್ಲಾ ಹಳೇ ಪೆಟ್ಟು ಇದ್ರ ಆ ಪದರ ಸವೀತದ. ವರ್ಷಗಟ್ಟಲೆ ಒಲಿ ಮುಂದ ಕಾಲ ಮಡಚಿ ಕುಂತು ರೊಟ್ಟಿ ಬಡದ ಹೆಣ್ಮಕ್ಕಳು, ಇಳಕಲ್ಲ ಕಡೆ ಕುಣಿ ಮಗ್ಗದಾಗ ಕುಂತ ನೇಕಾರರು, ಹೊಲದಾಗ ಕುಕ್ಕರಗಾಲಲ್ಲೆ ಕಸ ತಗದವರು, ಇವರಿಗೆಲ್ಲಾ ಮೊಣಕಾಲ ಬ್ಯಾನಿ ಹೊಸಾದಲ್ಲ ಅನ್ನೋದು ನಿಮಗೂ ಗೊತ್ತು.

ಬದಲಿ ಆಪರೇಶನ್ ಅಂದ್ರ ಇಡೀ ಮೊಣಕಾಲ ತಗದು ಬ್ಯಾರೆ ಹಚ್ಚೋದಲ್ಲ. ಸವೆದ ಎಲುಬಿನ ತುದಿ ಕೆಲವು ಮಿಲಿಮೀಟರ್ ಅಷ್ಟ ಕೊಯ್ದು, ಮ್ಯಾಲಿನದಕ್ಕ ಲೋಹದ ಟೊಪ್ಪಿಗಿ (ಹೆಚ್ಚಾಗಿ ಕೋಬಾಲ್ಟ್ ಕ್ರೋಮಿಯಂ), ಕೆಳಗಿನದಕ್ಕ ಲೋಹದ ತಟ್ಟಿ, ನಡುವ ಪಾಲಿಥಿಲೀನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಇಟ್ಟು ಎಲುಬಿನ ಸಿಮೆಂಟ್‌ಲೆ ಕೂಡಿಸ್ತಾರ. ಹಿಪ್ ಅಂದ್ರ ಟೊಂಕದ ಕೀಲಿನ ಆಪರೇಶನ್‌ದಾಗ ತೊಡಿ ಎಲುಬಿನ ಒಳಗ ಒಂದು ಕಡ್ಡಿ, ಅದರ ತುದಿಗೆ ಗುಂಡು, ಆ ಗುಂಡು ಕುಂದ್ರಾಕ ಒಂದು ಬಟ್ಟಲ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅನ್ನೋ ಸರ್ಜನ್ 1962ರಾಗ ಹಿಪ್‌ಗೆ ಮಾಡಿದ ಪದ್ಧತಿನ ಇವತ್ತಿನ ಕೀಲು ಬದಲಿಗೆಲ್ಲಾ ದಾರಿ ಮಾಡ್ತು, ಮೊಣಕಾಲದ್ದು 1970ರ ದಶಕದಾಗ ಸುಧಾರಿಸ್ತು.

ಇಲ್ಲೊಂದು ಮುಖ್ಯ ವಿಷಯ, ಕೀಲು ಹೊಸಾದು ಖರೆ ಆದ್ರ ಅದನ್ನ ಎಳದು ಮಡಚೋ ಸ್ನಾಯು, ನರ, ಚರ್ಮ ಎಲ್ಲಾ ಹಳೇವ. ನೋವು ಅಲ್ಲಿಂದನ ಬರೋದು.

ಮನಿಗೆ ಬಂದ ಮ್ಯಾಲಿನ ಆರು ವಾರ

ಆಪರೇಶನ್ ಹೊತ್ತಿನಾಗ ಬೆನ್ನಿಗೆ ಸೂಜಿ ಮಾಡಿ ಕೆಳಗಿನ ಭಾಗ ಜೋಮು ಹಿಡಿಸಿರ್ತಾರ, ಭಾಳ ಕಡೆ ತೊಡಿ ನರಕ್ಕೂ ಒಂದು ಬ್ಲಾಕ್, ಅಂದ್ರ ಜೋಮು ಹಿಡಿಸೋ ಸೂಜಿ ಕೊಟ್ಟಿರ್ತಾರ. ಅದಕ್ಕ ಮೊದಲನೇ ದಿನ "ಏನೂ ನೋವ ಇಲ್ಲ ನೋಡ್ರಿ" ಅಂತ ನಕ್ಕೊಂತ ಮಾತಾಡಿದವರು ಎರಡನೇ ದಿನ ಅಳ್ತಾರ. ಏನೋ ಕೆಟ್ಟದ ಅಂತಲ್ಲ, ಜೋಮು ಬಿಟ್ಟಿರ್ತದ ಅಷ್ಟ. ಮೊದಲ ಎರಡ್ಮೂರು ದಿನ ನೋವು ಜಾಸ್ತಿ, ಆಮ್ಯಾಲ ವಾರ ವಾರ ಇಳೀತದ, ರಾತ್ರಿ ಮಾತ್ರ ಕೆಲವು ವಾರ ಕಾಡ್ತದ. ಮೊಣಕಾಲ ಬಿಸಿ ಬಿಸಿ ಇರೋದು ತಿಂಗಳಗಟ್ಟಲೆ ಇರಬಹುದು, ಗಾಯದ ಹೊರಮಗ್ಗಲಿಗೆ ಜೋಮು ಹಿಡದಂಗ ಇರ್ತದ, ನಡದ್ರ ಒಳಗ ಟಕ್ ಟಕ್ ಸಪ್ಪಳ ಬರ್ತದ. ಇವೆಲ್ಲಾ ಸಾಮಾನ್ಯ.

ಇದರ ಜೋಡಿ ನೀವು ಓಡಬೇಕಾದ ಒಂದು ರೇಸ್ ಅದ. ಆಪರೇಶನ್ ಆದ ಕೀಲಿನ ಸುತ್ತ ಗಾಯದ ಅಂಗಾಂಶ ಬೆಳೀತದ, ಕಾಲು ಮಡಚಿ ಚಾಚಿ ಮಾಡದಿದ್ರ ಅದು ಹಂಗ ಬಿಗದು ಕುಂದ್ರತದ. ಹಂಗಾಗಿ ಅದೇ ದಿನ ಇಲ್ಲಾ ಮರುದಿನನ ಎಬ್ಬಿಸಿ ನಿಂದ್ರಸ್ತಾರ. ಪಾದ ಮ್ಯಾಲ ಕೆಳಗ ಮಾಡೋದು, ತೊಡಿ ಸ್ನಾಯು ಬಿಗಿ ಹಿಡಿಯೋದು, ಕಾಲು ನೆಟ್ಟಗ ಇಟ್ಟು ಎತ್ತೋದು, ಹಿಮ್ಮಡ ಗಾದಿ ಮ್ಯಾಲ ಜಾರಿಸ್ಕೊಂತ ಮೊಣಕಾಲ ಮಡಚೋದು. ಎರಡ್ಮೂರು ವಾರದಾಗ 90 ಡಿಗ್ರಿ ಮಡಚಬೇಕು, ನೆಟ್ಟಗ ಚಾಚಿದ್ರ ಪೂರ್ತಿ ನೆಟ್ಟಗ ಆಗಬೇಕು ಅನ್ನೋದು ಸಾಮಾನ್ಯ ಗುರಿ. 90 ಯಾಕಂದ್ರ ಕುರ್ಚಿ ಮ್ಯಾಲಿಂದ ಏಳಾಕ, ಮೆಟ್ಟಲಾ ಹತ್ತಾಕ ಅಷ್ಟರ ಬೇಕ ಬೇಕು. ಮಡಚೋದು ಕಡಿಮಿ ಆದವರನ್ನ ಕೆಲವು ಸಲ ಮತ್ತ ಜ್ಞಾನ ತಪ್ಪಿಸಿ ಕಾಲು ಮಡಚಬೇಕಾಗ್ತದ.

ನೋವು ಇದ್ರ ವ್ಯಾಯಾಮ ಮಾಡಂಗಿಲ್ಲ, ವ್ಯಾಯಾಮ ಮಾಡದಿದ್ರ ಕೀಲು ಬಿಗೀತದ, ಬಿಗದ್ರ ಇನ್ನೂ ನೋವು. ಈ ಸುತ್ತು ತುಂಡರಿಸಾಕ ಗುಳಗಿ, ಬರ್ಫ, ಫಿಸಿಯೋಥೆರಪಿ ಇರ್ತಾವು. ಈ ಸುತ್ತಿನಾಗನ ರೇಖಿ, ಪ್ರಾಣಿಕ್ ಹೀಲಿಂಗ್‌ನಂಥಾ ಎನರ್ಜಿ ಥೆರಪಿನೂ ಬಂದು ಸೇರ್ಕೊಳ್ತದ, ನೋವಿನಾಗ ಇದ್ದವರು ಏನ್ ಸಿಕ್ರೂ ಹಿಡಕೊಳ್ಳೋದು ಸಹಜನ ಅಲ್ಲೇನು.

ಎನರ್ಜಿ ಥೆರಪಿ ಅಂದ್ರ

ನಮ್ಮ ಮೈಯಾಗ ಮತ್ತ ಮೈ ಸುತ್ತ ಒಂದು ಜೀವಶಕ್ತಿ ಹರೀತದ, ಅದು ತಡದ್ರ ಬ್ಯಾನಿ ಬರ್ತದ, ಕಲಿತವರು ಕೈಲೆ ಅದನ್ನ ಸರಿ ಮಾಡಬಹುದು ಅನ್ನೋದು ಈ ಪದ್ಧತಿಗಳ ಮೂಲ ನಂಬಿಕಿ. ಔಷಧ ಇಲ್ಲ, ಮಸಾಜ್ ಇಲ್ಲ. ಮಕ್ಕೊಂಡವರ ಮ್ಯಾಲ ಕೈ ಹಗೂರಕ ಇಡ್ತಾರ ಇಲ್ಲಾ ನಾಕಿಂಚು ಮ್ಯಾಲ ಕೈ ಆಡಿಸ್ತಾರ, ಅರ್ಧಾ ತಾಸು, ಒಂದು ತಾಸು. ದವಾಖಾನಿ ಚಿಕಿತ್ಸಾದ ಜೋಡಿ ಮಾಡಿದ್ರ ಅದಕ್ಕ ಪೂರಕ ಚಿಕಿತ್ಸಾ ಅಂತಾರ.

ನಮ್ಮ ಕಡೆ ಇದನ್ನ ಸಾವಿರಾರು ವರ್ಷದ ಹಳೇ ವಿದ್ಯಾ ಅಂತ ಹೇಳಿ ಮಾರ್ತಾರ, ಆದ್ರ ಈಗ ಚಾಲ್ತಿಯಾಗಿರೋ ರೂಪ ಎಲ್ಲಾ ಕಳದ ನೂರು ಚಿಲ್ಲರೆ ವರ್ಷದೊಳಗ ಹುಟ್ಟಿದ್ವು. ರೇಖಿ ಜಪಾನಿನದು, ಮಿಕಾವೊ ಉಸುಯಿ ಅನ್ನೋರು 1922ರಾಗ ಶುರು ಮಾಡಿದ್ರು, ಹವಾಯೊ ತಕಾಟಾ ಅನ್ನೋ ಹೆಣ್ಮಗಳು 1930ರ ದಶಕದ ಕೊನಿಗೆ ಅದನ್ನ ಹವಾಯಿಗೆ ಒಯ್ದಳು, ಅಲ್ಲಿಂದ ಜಗತ್ತಿಗೆಲ್ಲಾ ಹಬ್ಬಿತು. ಥೆರಪ್ಯೂಟಿಕ್ ಟಚ್ ಅನ್ನೋದನ್ನ 1970ರ ದಶಕದ ಶುರುವಿನಾಗ ನ್ಯೂಯಾರ್ಕಿನ ನರ್ಸಿಂಗ್ ಪ್ರೊಫೆಸರ್ ಡೊಲೊರೆಸ್ ಕ್ರೀಗರ್ ಮತ್ತ ಥಿಯಾಸಾಫಿಕಲ್ ಸೊಸೈಟಿಯ ಡೋರಾ ಕುಂಝ್ ಕೂಡಿ ಮಾಡಿದ್ರು. ಹೀಲಿಂಗ್ ಟಚ್ 1989ರಾಗ ಜಾನೆಟ್ ಮೆಂಟ್ಜೆನ್ ಅನ್ನೋ ಅಮೆರಿಕನ್ ನರ್ಸ್ ಶುರು ಮಾಡಿದ್ದು. ಹೆಸರು ಕೇಳಿದ್ರ ನಮ್ಮದ ಅನಸೋ ಪ್ರಾಣಿಕ್ ಹೀಲಿಂಗ್ ಸುದ್ದಾ ಫಿಲಿಪೀನ್ಸ್ ದೇಶದ ಚೋವಾ ಕೋಕ್ ಸುಯಿ ಅನ್ನೋರು 1980ರ ದಶಕದಾಗ ಪ್ರಚಾರಕ್ಕ ತಂದದ್ದು. ಹಳೇದಾದ್ರ ಖರೆ, ಹೊಸಾದಾದ್ರ ಸುಳ್ಳು ಅಂತಲ್ಲ, ಹೇಳೋರು ಹೇಳೋ ಕತಿ ಒಂಚೂರು ತಾಳಿ ನೋಡ್ರಿ ಅಂತ.

ಫಿಸಿಯೋದವರು ಕರೆಂಟ್ ಕೊಡೋದು ಇದಲ್ಲ

ಇಲ್ಲಿ ಭಾಳ ಮಂದಿ ಎಡವ್ತಾರ. ಫಿಸಿಯೋಥೆರಪಿ ಸೆಂಟರ್‌ನ್ಯಾಗ "ಕರೆಂಟ್ ಕೊಡ್ತಾರ" ಅಂತೀವಲ್ಲ, ಚರ್ಮದ ಮ್ಯಾಲ ಪ್ಯಾಡ್ ಹಚ್ಚಿ ಚುಮುಚುಮು ಅನ್ನಿಸೋ ಟೆನ್ಸ್ ಮಶಿನ್, ಅದೂ ಎನರ್ಜಿನ, ಇದೂ ಎನರ್ಜಿನ ಅಂತ ಒಂದ ತೂಕಕ್ಕ ಇಡ್ತಾರ. ಟೆನ್ಸ್‌ನಾಗ ಎಷ್ಟು ಮಿಲಿಆಂಪ್ ಹೋಗ್ತದ ಅಂತ ಮೀಟರ್‌ದಾಗ ಅಳೀಬಹುದು, ಹೆಚ್ಚು ಕಡಿಮಿ ಮಾಡಬಹುದು, ಹೆಚ್ಚಾದ್ರ ಚುರ್ ಅಂತದ. ಅಲ್ಟ್ರಾಸೌಂಡ್, ಲೇಸರ್, ಶಾಖ ಕೊಡೋ ಮಶಿನ್ ಎಲ್ಲಾ ಹಂಗ. ಅದಕ್ಕನ ಅವಕ್ಕ ಎಚ್ಚರಿಕಿನೂ ಅದಾವು, ಉದಾಹರಣೆಗೆ ಒಳಗ ಲೋಹ ಇದ್ದ ಜಾಗಾಕ್ಕ ಶಾರ್ಟ್‌ವೇವ್ ಡಯಾಥರ್ಮಿ (ರೇಡಿಯೋ ಅಲೆಲೆ ಒಳಗಿನ ಮಟ ಶಾಖ ಕೊಡೋದು) ಕೊಡಂಗಿಲ್ಲ, ಲೋಹ ಕಾಯ್ತದ. ಪೇಸ್‌ಮೇಕರ್ ಇದ್ದವರಿಗೆ ಡಾಕ್ಟರ್‌ನ ಕೇಳದ ಟೆನ್ಸ್ ಹಚ್ಚಂಗಿಲ್ಲ.

ರೇಖಿ ಶಕ್ತಿಗೆ ಅಂಥಾ ಮೀಟರ್ ಯಾವುದೂ ಇಲ್ಲ.

ಹಂಗಾರ ಆ ಶಕ್ತಿ ಖರೇನ ಇಲ್ಲೇನು

ಮೈಯಾಗ ವಿದ್ಯುತ್ ಅದ, ಅದು ಸುಳ್ಳಲ್ಲ. ಇಸಿಜಿ ತಗಿಯೋದ ಹೃದಯದ ವಿದ್ಯುತ್ತಿಂದ. ಹೃದಯ ಹುಟ್ಟಿಸೋ ಕಾಂತಕ್ಷೇತ್ರನೂ ಅಳದಾರ, ಆದ್ರ ಅದು ಭೂಮಿ ಕಾಂತಕ್ಷೇತ್ರಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಕಡಿಮಿ, ಹಿಡಿಯಾಕ ವಿಶೇಷ ಯಂತ್ರ ಬೇಕು. ಹೀಲಿಂಗ್ ಮಾಡೋರು ಕೈಗೆ ಸಿಗ್ತದ ಅಂತ ಹೇಳೋ ಜೀವಶಕ್ತಿನ ಇದು ಅಂತ ಯಾರೂ ತೋರಿಸಿಲ್ಲ.

ಇದರ ಮ್ಯಾಲ ನಡದ ಪರೀಕ್ಷಾದಾಗ ನನಗ ಭಾಳ ಸೇರಿದ್ದು ಒಂದು ಸಣ್ಣ ಹುಡುಗಿ ಮಾಡಿದ್ದು. ಅಮೆರಿಕಾದ ಎಮಿಲಿ ರೋಸಾ, ಆಗ ಆಕಿಗೆ ಒಂಬತ್ತು ವರ್ಷ, ಸಾಲಿ ವಿಜ್ಞಾನ ಪ್ರದರ್ಶನದ ಸಲುವಾಗಿ ಮಾಡಿದ ಪ್ರಯೋಗ. ಥೆರಪ್ಯೂಟಿಕ್ ಟಚ್ ಮಾಡೋರನ್ನ ಮೇಜಿನ ಒಂದು ಮಗ್ಗಲಿಗೆ ಕುಂದ್ರಿಸಿ ನಡುವ ರಟ್ಟಿನ ಪರದಾ ನಿಲ್ಲಿಸಿದಳು. ಪರದಾದ ತೂತಿನಾಗಿಂದ ಅವರು ಎರಡೂ ಕೈ ಅಂಗೈ ಮ್ಯಾಲ ಮಾಡಿ ಈಕಡೆ ಚಾಚ್ಬೇಕು, ಆಕಿ ನಾಣ್ಯ ಚಿಮ್ಮಿ ಎಡಕೋ ಬಲಕೋ ಒಂದು ಕೈ ಮ್ಯಾಲ ತುಸು ಎತ್ತರದಾಗ ತನ್ನ ಕೈ ಹಿಡಿತಾಳ, ಯಾವ ಕೈಗೆ ಶಕ್ತಿ ಗೊತ್ತಾತು ಅಂತ ಅವರು ಹೇಳಬೇಕು. ಸುಮ್ನ ಊಹೆ ಮಾಡಿದ್ರೂ ನೂರಕ್ಕ 50 ಸರಿ ಬರ್ತಾವಲ್ಲ. 21 ಮಂದಿ, 280 ಸಲ, ಸರಿ ಬಂದದ್ದು ನೂರಕ್ಕ 44. 1998ರಾಗ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ನಿನ ಪತ್ರಿಕಾದಾಗ ಇದು ಅಚ್ಚಾತು.

ನ್ಯಾಯವಾಗಿ ಹೇಳಬೇಕಂದ್ರ ಈ ಪ್ರಯೋಗ ನೋಡಿದ್ದು ಶಕ್ತಿ ಕೈಗೆ ತಿಳೀತದೋ ಇಲ್ಲೋ ಅನ್ನೋದನ್ನ ಅಷ್ಟ, ರೋಗಿಗೆ ಹಗೂರ ಆಗ್ತದೋ ಇಲ್ಲೋ ಅನ್ನೋದು ಬ್ಯಾರೆ ಪ್ರಶ್ನಿ.

ಹಗೂರ ಅನಸ್ತದಲ್ಲ, ಅದ್ಯಾಕ

ಮಾಡಿಸ್ಕೊಂಡವರು ಸುಳ್ಳು ಹೇಳ್ತಾರ ಅಂತ ನಾ ಅನ್ನಂಗಿಲ್ಲ. ಖರೇನ ಹಗೂರ ಆಗಿರ್ತದ, ಕಾರಣ ಮೂರ್ನಾಕು ಕೂಡಿರ್ತಾವು.

ಮೊದಲನೇದು ಕಾಲ, ಅಂದ್ರ ಹೊತ್ತು. ಜೂನ್ ಬಂದ್ರೂ ಮಳಿ ಬರದಿದ್ರ ನಮ್ಮ ಕಡೆ ಹುಡುಗರು ಗುರ್ಜಿ ಹೊತ್ಕೊಂಡು ಮನಿ ಮನಿ ತಿರಗ್ತಾರಲ್ಲ, ನಾಕ ದಿನಕ್ಕ ಮಳಿ ಬರ್ತದ, ಗುರ್ಜಿಗೆ ಹೆಸರು ಬರ್ತದ, ಮುಂಗಾರು ಮಾತ್ರ ಅದರ ಪಾಡಿಗೆ ಅದು ಬರೋ ಹೊತ್ತಾಗಿತ್ತು. ಆಪರೇಶನ್ ನೋವೂ ಹಂಗ ದಿನಾ ಇಳಕೋತ ಹೋಗೋದು, ಮಂದಿ ಹೀಲರ್‌ನ ಕರಿಯೋದು ನೋವು ತಡ್ಕೊಳ್ಳಾಕ ಆಗದ ದಿನನ, ಅದಾದ ಮ್ಯಾಲ ಏನ್ ಮಾಡಿದ್ರೂ ಇಳಿಯೋದ.

ಎರಡನೇದು ಮಿದುಳು. ನೋವು ಅನ್ನೋದು ಮೊಣಕಾಲಾಗ ಹುಟ್ಟೋ ಸಂದೇಶ ಖರೆ, ಆದ್ರ ಎಷ್ಟು ನೋಯಿಸ್ಬೇಕು ಅಂತ ತೀರ್ಮಾನ ಮಾಡೋದು ಮಿದುಳು. ಅಂಜಿಕಿ, ನಿದ್ದಿ ಇಲ್ಲದಿರೋದು, ಒಬ್ಬರ ಬಿದ್ಕೊಂಡಿರೋದು ನೋವು ಹೆಚ್ಚು ಮಾಡ್ತಾವು. ಯಾರೋ ಅರ್ಧಾ ತಾಸು ಬಾಜೂಕ ಕುಂತು, ಫೋನ್ ಬಾಜೂಕಿಟ್ಟು, ಮೆತ್ತಗ ಮಾತಾಡಿ, ಕೈ ಇಟ್ರ ಉಸಿರು ನಿಧಾನ ಆಗ್ತದ, ಬಿಗಿಹಿಡದ ಸ್ನಾಯು ಸಡಲ್ತದ. ಇದಕ್ಕ ಜೀವಶಕ್ತಿ ಬೇಕಂತಿಲ್ಲ. ದೊಡ್ಡ ದವಾಖಾನಿ ವಾರ್ಡಿನಾಗ ಅಷ್ಟು ಹೊತ್ತು ಒಬ್ಬರ ಹತ್ರ ಕುಂದ್ರೋ ಪುರಸೊತ್ತು ಯಾರಿಗೂ ಇಲ್ಲ ಅನ್ನೋದೂ ಒಂದು ಮಾತ.

ಮೂರನೇದು ನಂಬಿಕಿ, ವೈದ್ಯರ ಭಾಷಾದಾಗ ಪ್ಲಸೀಬೋ. ಔಷಧ ಇಲ್ಲದ ಗುಳಗಿ ಕೊಟ್ರೂ ಔಷಧ ಅಂತ ನಂಬಿದ್ರ ನೋವು ಇಳಿಯೋದು. ಇದನ್ನ ಬರೇ ಭ್ರಮಾ ಅಂತ ತಳ್ಳಿ ಹಾಕಂಗಿಲ್ಲ. 1978ರಾಗ ಅಮೆರಿಕಾದಾಗ ಲೆವಿನ್, ಗಾರ್ಡನ್, ಫೀಲ್ಡ್ಸ್ ಅನ್ನೋರು ದವಡಿ ಹಲ್ಲು ತಗಿಸ್ಕೊಂಡವರ ಮ್ಯಾಲ ನೋಡಿದ್ರು: ಸುಳ್ಳ ಔಷಧಕ್ಕ ನೋವು ಇಳದವರಿಗೆ ನಲೊಕ್ಸೋನ್ ಕೊಟ್ಟಾಗ ನೋವು ಹೊಳ್ಳಿ ಏರಿತು. ನಲೊಕ್ಸೋನ್ ಅಂದ್ರ ಅಫೀಮಿನ ಜಾತಿ ಔಷಧದ ಕೆಲಸ ತಡಿಯೋ ಮದ್ದು. ಅಂದ್ರ ನಂಬಿಕಿಯಿಂದ ಮಿದುಳು ತನ್ನದೇ ನೋವಿನ ಮದ್ದು ಬಿಡತಿತ್ತು ಅಂತ ಅರ್ಥ.

ಮೊಣಕಾಲದ್ದ ಒಂದು ಉದಾಹರಣಿ ಅದ. 2002ರಾಗ ಅಮೆರಿಕಾದ ಬ್ರೂಸ್ ಮೋಸ್ಲಿ ಅನ್ನೋ ಸರ್ಜನ್ ಸವಕಳಿ ಮೊಣಕಾಲಿನ 180 ಮಂದಿನ ಮೂರು ಗುಂಪು ಮಾಡಿ, ಎರಡು ಗುಂಪಿಗೆ ದುರ್ಬೀನ್ ಆಪರೇಶನ್‌ದಾಗ ಒಳಗ ತೊಳೆಯೋದು, ಕೆರೆಯೋದು ಮಾಡಿದ್ರು, ಮೂರನೇ ಗುಂಪಿಗೆ ಚರ್ಮಕ್ಕ ಬರೇ ಕೊಯ್ತ ಹಾಕಿ ಹೊಲದ್ರು. ಎರಡು ವರ್ಷ ನೋಡಿದ್ರೂ ಮೂರೂ ಗುಂಪಿನ ನಡುವ ನೋವಿನಾಗ ಫರಕ್ ಕಾಣಲಿಲ್ಲ. (ಇದು ದುರ್ಬೀನ್ ಆಪರೇಶನ್ ಸುದ್ದಿ, ಬದಲಿ ಆಪರೇಶನ್‌ದಲ್ಲ. ಎರಡನ್ನೂ ಕಲಸಬ್ಯಾಡ್ರಿ, ಆಮ್ಯಾಲ ಅಪ್ಪ ಆಪರೇಶನ್ನ ಬ್ಯಾಡ ಅಂತ ಕುಂತ್ರ ನನ್ನ ಬೈಬ್ಯಾಡ್ರಿ.) ಡಾಕ್ಟರ್ ಕತ್ತರಿ ಹಿಡದಾಗನ ನಂಬಿಕಿ ಇಷ್ಟು ಕೆಲಸ ಮಾಡೋದಾದ್ರ, ಕೈ ಆಡಿಸೋ ಪದ್ಧತಿ ಪರೀಕ್ಷಾ ಮಾಡೋವಾಗ ಒಂದು ನಕಲಿ ಗುಂಪು ಯಾಕ ಬೇಕ ಬೇಕು ಅನ್ನೋದು ತಿಳೀತದ.

ಬದಲಿ ಆಪರೇಶನ್ ಆದವರ ಮ್ಯಾಲ ಏನ್ ನೋಡ್ಯಾರ

ಹಂಗ ನಕಲಿ ಗುಂಪು ಇಟ್ಟು ಮಾಡಿದ ಒಂದು ಅಧ್ಯಯನ 2017ರಾಗ ಬಂತು, ಅಮೆರಿಕಾದ್ದು. ಮೊಣಕಾಲ ಬದಲಿ ಮಾಡಿಸ್ಕೊಂಡ 46 ಮಂದಿ, ಒಂದು ಗುಂಪಿಗೆ ರೇಖಿ, ಇನ್ನೊಂದಕ್ಕ ರೇಖಿ ಕಲೀದವರು ಅದೇ ನಮೂನಿ ಕೈ ಇಟ್ಟು ನಟಿಸಿದ್ದು, ಮೂರನೇದಕ್ಕ ಬರೇ ದವಾಖಾನಿ ಆರೈಕಿ. ರೇಖಿ ಗುಂಪಿನಾಗ ಮಾತ್ರ ನೋವು, ಬಿಪಿ, ಆತಂಕ ಇಳದದ್ದು ಕಂಡುಬಂತು. ಇದನ್ನ ಹಿಡಕೊಂಡು "ವೈಜ್ಞಾನಿಕವಾಗಿ ಸಿದ್ಧ ಆಗ್ಯಾದ" ಅಂತ ಫಾರ್ವರ್ಡ್ ಮಾಡೋರು ಒಂದು ಬಿಟ್ಟು ಹೇಳ್ತಾರ, ಅದು ಪೈಲಟ್ ಅಧ್ಯಯನ, ಅಂದ್ರ ದೊಡ್ಡದು ಮಾಡೋ ಮೊದಲ ದಾರಿ ನೋಡಾಕ ಮಾಡೋ ಸಣ್ಣ ಪ್ರಯತ್ನ. ಗುಂಪಿಗೆ ಹದಿನೈದು ಮಂದಿ ಆಸುಪಾಸು, ಇಬ್ಬರು ಮೂವರು ಆಚೆ ಈಚೆ ಆದ್ರ ಲೆಕ್ಕ ಬದಲಾಗ್ತದ. ಬರದವರೂ ದೊಡ್ಡ ಅಧ್ಯಯನ ಮಾಡಾಕ ಇದು ಆಧಾರ ಅಂತನ ಬರದಾರ.

ಅದಕ್ಕಿಂತ ಅಗಲವಾಗಿ ನೋಡಿದ್ದು ಕಾಕ್ರೇನ್ ಸಂಸ್ಥೆ, ಚಿಕಿತ್ಸಾ ಮ್ಯಾಲಿನ ಅಧ್ಯಯನ ಎಲ್ಲಾ ಕೂಡಿಸಿ ತೂಗಿ ನೋಡೋರು ಅವರು. 2008ರಾಗ ರೇಖಿ, ಹೀಲಿಂಗ್ ಟಚ್, ಥೆರಪ್ಯೂಟಿಕ್ ಟಚ್ ಮ್ಯಾಲಿನ 24 ಅಧ್ಯಯನ, 1153 ಮಂದಿ ಲೆಕ್ಕ ಕೂಡಿಸಿದ್ರು, ನಾನಾ ನಮೂನಿ ನೋವಿನವರು. ಸೊನ್ನಿಯಿಂದ ಹತ್ತರ ನೋವಿನ ಅಳತಿದಾಗ ಸರಾಸರಿ ಇಳದದ್ದು 0.83, ಅಂದ್ರ ಒಂದು ಅಂಕಕ್ಕೂ ಕಡಿಮಿ. ಆರು ಇದ್ದ ನೋವು ಐದರ ಹತ್ರ ಬಂದಂಗ. ಆತಂಕ, ಖಿನ್ನತೆಗೆ ರೇಖಿ ಅಂತ 2015ರಾಗ ನೋಡಿದಾಗ ಲೆಕ್ಕಕ್ಕ ಸಿಕ್ಕಿದ್ದ ಮೂರು ಅಧ್ಯಯನ, ಅದರ ಮ್ಯಾಲ ಏನೂ ಹೇಳಾಕ ಬರಂಗಿಲ್ಲ ಅಂದ್ರು. ಪೂರಕ ಚಿಕಿತ್ಸಾ ನೋಡೋ ಅಮೆರಿಕಾ ಸರ್ಕಾರದ ಕೇಂದ್ರನೂ ರೇಖಿ ಯಾವುದಾದ್ರೂ ಆರೋಗ್ಯದ ತೊಂದರಿಗೆ ಉಪಯೋಗ ಅಂತ ಸ್ಪಷ್ಟವಾಗಿ ಸಿದ್ಧ ಆಗಿಲ್ಲ, ಹಾನಿ ಮಾಡ್ತದ ಅಂತನೂ ಕಂಡಿಲ್ಲ ಅಂತದ.

ನೋವು ಮತ್ತ ಅಂಜಿಕಿ ತುಸು ಇಳೀಬಹುದು, ಇಲ್ಲಿ ಮಟ ಒಪ್ಪೋಣ. ಆದ್ರ ಕೀಲು ಮಡಚೋದು ಹೆಚ್ಚಾಗೋದು, ತೊಡಿ ಸ್ನಾಯುವಿಗೆ ಬಲ ಬರೋದು, ಎಲುಬು ಇಂಪ್ಲಾಂಟ್‌ಗೆ (ಒಳಗ ಇಟ್ಟ ಕೃತಕ ಕೀಲಿಗೆ) ಗಟ್ಟಿ ಹಿಡಿಯೋದು, ಸೋಂಕು ಬರದಂಗ ತಡಿಯೋದು, ರಕ್ತ ಹೆಪ್ಪುಗಟ್ಟೋದು ತಪ್ಪಿಸೋದು, ಇವು ಯಾವೂ ಮಕ್ಕೊಂಡವರ ಮ್ಯಾಲ ಕೈ ಆಡಿಸೋದರಿಂದ ಆಗೋ ಕೆಲಸ ಅಲ್ಲ. ಮೊಣಕಾಲ ಮಡಚಬೇಕಂದ್ರ ಮಡಚಾಕಬೇಕು, ಬ್ಯಾರೆಯವರು ನಮ್ಮ ಪಾಲಿಗೆ ಮಾಡಂಗಿಲ್ಲ.

ಎಲ್ಲಿ ಅಪಾಯ

ಕೈ ಆಡಿಸೋದ್ರಾಗ ಅಪಾಯ ಇಲ್ಲ, ಅದರ ಜೋಡಿ ಬರೋ ಮಾತಿನಾಗ ಅದ.

"ಗುಳಗಿ ಬಿಡ್ರಿ, ಕೆಮಿಕಲ್ ಇರ್ತದ, ಶಕ್ತಿ ಹರಿಯಾಕ ಬಿಡಂಗಿಲ್ಲ" ಅಂತ ಕೆಲವರು ಹೇಳ್ತಾರ. ಆಪರೇಶನ್ ಆದ್ಮ್ಯಾಲ ಎರಡರಿಂದ ಐದು ವಾರ ರಕ್ತ ತೆಳು ಮಾಡೋ ಗುಳಗಿ ಇಲ್ಲಾ ಹೊಟ್ಟಿಗೆ ಸೂಜಿ ಕೊಟ್ಟಿರ್ತಾರ, ಯಾಕಂದ್ರ ಮೀನಖಂಡದ ರಕ್ತನಾಳದಾಗ ಹೆಪ್ಪುಗಟ್ಟಿದ್ದು ಕಿತ್ತು ಪುಪ್ಪುಸಕ್ಕ ಹೋದ್ರ ಜೀವಾನ ಹೋಗಬಹುದು. ಅದನ್ನ ನಡಕ ಬಿಡೋದು ದೊಡ್ಡ ತಪ್ಪು. ಬಿಪಿ, ಸಕ್ಕರಿ ಬ್ಯಾನಿ ಗುಳಗಿನೂ ಹಂಗ, ಸಕ್ಕರಿ ಏರಿದ್ರ ಗಾಯ ಮಾಯಂಗಿಲ್ಲ, ಕೀವು ಆಗೋ ಸಾಧ್ಯತೆ ಹೆಚ್ಚಾಗ್ತದ. ನೋವಿನ ಗುಳಗಿ ಕಡಿಮಿ ಮಾಡಬೇಕು ಅನಿಸಿದ್ರ ಅದು ನಿಮ್ಮ ಮತ್ತ ಡಾಕ್ಟರ್ ನಡುವಿನ ಮಾತು.

ಇನ್ನೊಂದು, ರೇಖಿ ಅಂತ ಹೇಳಿ ಬಂದವರು ಎಣ್ಣಿ ಹಚ್ಚಿ ಮೀನಖಂಡ ಗಟ್ಟಿಯಾಗಿ ತಿಕ್ಕೋದು, ಬಿಸಿ ಕಲ್ಲು ಇಡೋದು, ಸೂಜಿ ಚುಚ್ಚೋದು, ಕಾಲು ಹಿಡದು ಜಗ್ಗೋದು ಶುರು ಮಾಡಿದ್ರ ಅಲ್ಲಿಗೇ ನಿಲ್ಲಿಸ್ರಿ. ಹೊಲಿಗಿ ಹಾಕಿದ ಗಾಯಕ್ಕ ಎಣ್ಣಿ ತಾಗಿದ್ರ ಸೋಂಕು ಒಳಗ ಹೋಗಬಹುದು, ಕೃತಕ ಕೀಲಿಗೆ ಸೋಂಕು ಹತ್ತಿದ್ರ ಬರೇ ಗುಳಗಿಲೆ ಹೋಗೋದು ಭಾಳ ಕಷ್ಟ, ಮತ್ತ ಆಪರೇಶನ್ ಬೇಕಾಗಬಹುದು. ಗಾಯದ ಬಾಜೂ ಜೋಮು ಇರೋದ್ರಿಂದ ಬಿಸಿ ಎಷ್ಟಾತು ಅಂತ ರೋಗಿಗೆ ಗೊತ್ತಾಗಂಗಿಲ್ಲ, ಸುಟ್ಟು ಗುಳ್ಳಿ ಬರ್ತಾವು. ಹಿಪ್ ಆದವರಿಗೆ ಮೊದಲ ಕೆಲವು ವಾರ ಕಾಲ ಮ್ಯಾಲ ಕಾಲು ಹಾಕೋದು, ಟೊಂಕ 90 ಡಿಗ್ರಿಗಿಂತ ಹೆಚ್ಚು ಬಗ್ಗಿಸೋದು, ಕಾಲು ಒಳಮಗ್ಗಲಿಗೆ ತಿರುವೋದು ಬ್ಯಾಡ ಅಂತ ಹೇಳಿರ್ತಾರ, ಗುಂಡು ಬಟ್ಟಲದಿಂದ ಜಾರ್ತದ. ಹೀಲರ್‌ಗೆ ಇದು ಗೊತ್ತಿರ್ತದ ಅಂತ ತಿಳ್ಕೋಬ್ಯಾಡ್ರಿ.

ಎಲ್ಲಾಕ್ಕಿಂತ ದೊಡ್ಡ ಅಪಾಯ ತಡ ಮಾಡೋದು. ಮೀನಖಂಡ ಬಾತು ಬಿಗಿಯಾಗಿ ನೋವು, ಜ್ವರ ಮತ್ತ ನಡುಗು, ಗಾಯದಿಂದ ಕೀವು ಇಲ್ಲಾ ನೀರು ಸೋರೋದು, ಇಳೀತಿದ್ದ ನೋವು ಒಮ್ಮಿಂದೊಮ್ಮೆ ಏರೋದು ಇದ್ರ "ಕೆಟ್ಟ ಶಕ್ತಿ ಹೊರಗ ಹೊಂಟದ, ಎರಡು ದಿನ ತಡೀರಿ" ಅನ್ನೋ ಮಾತು ಕೇಳಬ್ಯಾಡ್ರಿ, ಅವತ್ತ ದವಾಖಾನಿಗೆ ಹೋಗ್ರಿ. ಎದಿ ನೋವು, ಉಸಿರು ಕಟ್ಟಿದಂಗ ಆದ್ರ 108ಕ್ಕ ಫೋನ್ ಹಚ್ರಿ.

ರೊಕ್ಕ ಮತ್ತ ಕಾಯ್ದೆ

ಮೊಣಕಾಲ ಇಂಪ್ಲಾಂಟ್‌ಗೆ 2017ರ ಆಗಸ್ಟ್‌ದಾಗ ಕೇಂದ್ರ ಸರ್ಕಾರ ಬೆಲಿ ಮಿತಿ ಹಾಕ್ತು, ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂದಕ್ಕ ಆಗ ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ಹೀಲಿಂಗ್ ಸೆಷನ್‌ಗೆ ಅಂಥಾ ಮಿತಿ ಇಲ್ಲ, ಬಾಯಿಗೆ ಬಂದದ್ದ ರೇಟು. ಆಯುಷ್ ಅಂತ ಸರ್ಕಾರ ಒಪ್ಪಿದ ಪದ್ಧತಿ ಆಯುರ್ವೇದ, ಯೋಗ ಮತ್ತ ಪ್ರಕೃತಿ ಚಿಕಿತ್ಸಾ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪಥಿ. ಆ ಪಟ್ಟಿದಾಗ ರೇಖಿ, ಪ್ರಾಣಿಕ್ ಹೀಲಿಂಗ್ ಇಲ್ಲ. ಫಿಸಿಯೋಥೆರಪಿಸ್ಟ್ ಆಗಬೇಕಂದ್ರ ನಾಕು ವರ್ಷಕ್ಕೂ ಮ್ಯಾಲ ಓದಬೇಕು, ರೇಖಿ ಮೊದಲ ಹಂತ ಸಾಮಾನ್ಯವಾಗಿ ಒಂದೆರಡು ದಿನದ ಕ್ಲಾಸು. ಮಂತ್ರ, ತಾಯತ, ಪವಾಡದ ಮದ್ದು ಅಂತ ರೋಗ ವಾಸಿ ಮಾಡೋ ಜಾಹೀರಾತಿಗೆ ಕಡಿವಾಣ ಹಾಕೋ ಕಾಯ್ದೆ 1954ರಿಂದನೂ ನಮ್ಮ ದೇಶದಾಗ ಅದ. ಹಂಗಾಗಿ "ನೂರಕ್ಕ ನೂರು ಗ್ಯಾರಂಟಿ" ಅಂತ ಬರದದ್ದು ಕಂಡ್ರ ಅದೊಂದ ಸಾಕು ದೂರ ಇರಾಕ.

ನನ್ನ ಮಾತು ಕೇಳೋದಾದ್ರ, ಕೈಯಾಗ ಇರೋ ರೊಕ್ಕ ಎಣಿಸಿದಷ್ಟ ಇದ್ರ ಮೊದಲ ಫಿಸಿಯೋದವರನ್ನ ಮನಿಗೆ ಕರಸಾಕ ಇಡ್ರಿ. ಆಮ್ಯಾಲ ಸಂಡಾಸಕ್ಕ ಕಮೋಡ್ ಕುರ್ಚಿ, ಕುಂತು ಲಿಂಗಪೂಜಾ ಮಾಡೋ ಹಿರಿಯರಿಗೆ ಎತ್ತರದ ಕುರ್ಚಿ ಮತ್ತ ಮುಂದ ಒಂದು ಮೇಜು, ರೊಟ್ಟಿ ಮಾಡೋ ಕಟ್ಟಿ ನಿಂತು ಬಡಿಯೋ ಎತ್ತರಕ್ಕ. ಬದಲಿ ಮೊಣಕಾಲಿಗೆ ಕುಕ್ಕರಗಾಲು, ಚಕ್ಕಳಮಕ್ಕಳ ಸಾಮಾನ್ಯವಾಗಿ ಬ್ಯಾಡ ಅಂತಾರ, ಇವಕ್ಕ ಹಾಕಿದ ರೊಕ್ಕ ದಿನಾ ಕೆಲಸಕ್ಕ ಬರ್ತದ.

ಆದ್ರೂ ಮಾಡಿಸೋದ ಅಂದ್ರ

ಅವ್ವಗ ನಂಬಿಕಿ ಅದ, ರೊಕ್ಕನೂ ಭಾರ ಆಗಂಗಿಲ್ಲ ಅಂದ್ರ ಮಾಡಿಸ್ರಿ, ಜಗಳ ಆಡೋ ಕಾರಣ ಇಲ್ಲ. ಸರ್ಜನ್‌ಗೆ ಒಂದು ಮಾತು ಹೇಳ್ರಿ, ಅವರು ನಕ್ರೂ ನಗಲಿ, ಮೈ ಮುಟ್ಟೋದು ಎಲ್ಲಿ ಬ್ಯಾಡ ಅಂತ ಹೇಳ್ತಾರ. ಗುಳಗಿ, ವ್ಯಾಯಾಮ ಎರಡೂ ಮುಂದುವರೀತಾವು ಅಂತ ಹೀಲರ್‌ಗೆ ಮೊದಲ ಹೇಳ್ರಿ, ಅದಕ್ಕ ಒಪ್ಪದವರನ್ನ ಬಾಗಲದಾಗಿಂದನ ಕಳಸ್ರಿ. ಕೈ ತೊಳ್ಕೊಂಡು ಬರಬೇಕು, ಗಾಯದ ಪಟ್ಟಿ ಮುಟ್ಟಬಾರದು.

ಹೊತ್ತು ಆರಿಸೋದು ಜಾಣತನ. ವ್ಯಾಯಾಮಕ್ಕ ಮೊದಲ ಮಾಡಿಸಿದ್ರ ಅಂಜಿಕಿ ಇಳದು ಮೊಣಕಾಲ ತುಸು ಹೆಚ್ಚು ಮಡಚಾಕ ಬರಬಹುದು, ಇಲ್ಲಾ ರಾತ್ರಿ ನಿದ್ದಿಗೆ ಮೊದಲ. ವ್ಯಾಯಾಮದ ಬದಲಿ ಮಾತ್ರ ಬ್ಯಾಡ. ಮಕ್ಕೊಂಡಾಗ ಹಾಯಿ ಅನಸ್ತದ ಅಂತ ಮೊಣಕಾಲ ಕೆಳಗ ತಲಿದಿಂಬು ಇಟ್ಕೊಳ್ತಾರ, ಅದು ತಪ್ಪು, ಕಾಲು ಮಡಚಿದಂಗನ ಬಿಗದು ಪೂರ್ತಿ ನೆಟ್ಟಗ ಆಗಂಗಿಲ್ಲ, ಇಡೋದಾದ್ರ ಹಿಮ್ಮಡದ ಕೆಳಗ ಸುತ್ತಿದ ಟಾವೆಲ್ ಇಡ್ರಿ. ಅರ್ಧಾ ತಾಸು ಅಲ್ಲಾಡದ ಮಕ್ಕೊಂಡಿದ್ರ ಮುಗಿದ ಕೂಡ್ಲೆ ಪಾದ ಇಪ್ಪತ್ತು ಸಲ ಮ್ಯಾಲ ಕೆಳಗ ಮಾಡಿಸ್ರಿ, ಆಮ್ಯಾಲ ವಾಕರ್ ಕೈಗೆ ಕೊಟ್ಟು ಪಡಸಾಲಿ ತನಕ ಒಂದು ಸುತ್ತು ಅಡ್ಡಾಡಸ್ರಿ.